ತುರ್ತು ಅಧಿಕಾರಕ್ಕೂ ಗಡುವಿರಲಿ
ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನರಿಂದ ಆಯ್ಕೆಯಾಗಿ ರಾಜ್ಯವಾಳುವವರು. ಕೋವಿಡ್ ಹರಡಿದಾಗ ಮಿಷಿಗನ್ ಗವರ್ನರ್ ಗ್ರೆಚೆನ್ ವಿಟ್ಮರ್ ತುರ್ತು ಪರಿಸ್ಥಿತಿ ಘೋಷಿಸಿದರು. ಅಲ್ಲಿನ 1976ರ ಕಾಯ್ದೆಯಂತೆ 28 ದಿನ ಮೀರಿದರೆ ಶಾಸಕಾಂಗದ ಒಪ್ಪಿಗೆ ಬೇಕು. 2020ರ ಏಪ್ರಿಲ್ 30ರ ನಂತರ ಆ ಒಪ್ಪಿಗೆ ಸಿಗಲಿಲ್ಲ. ಗಡುವೇ ಇಲ್ಲದ 1945ರ ಕಾಯ್ದೆಯ ಬಲದಿಂದ ಆದೇಶಗಳು ಮುಂದುವರಿದವು. ಅಕ್ಟೋಬರ್ 2ರಂದು ರಾಜ್ಯದ ಸುಪ್ರೀಂ ಕೋರ್ಟ್ 4–3 ಬಹುಮತದಿಂದ ಆ ಕಾಯ್ದೆಯನ್ನೇ ಅಸಾಂವಿಧಾನಿಕ ಎಂದಿತು.

ಸೋಂಕು ತಡೆಯಲು ತ್ವರಿತ ನಿರ್ಧಾರ ಬೇಕು, ನಿಜ. ಆದರೆ ಕಾಲೇಜು, ಅಂಗಡಿ, ಕೆಲಸಗಳನ್ನು ಒಬ್ಬರ ಸಹಿಯೇ ತಿಂಗಳುಗಟ್ಟಲೆ ನಿಲ್ಲಿಸಿದರೆ ಪ್ರಶ್ನಿಸುವವರು ಯಾರು? ನಮ್ಮ ದೇಶದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲೂ ಇಂಥ ಗಡುವಿಲ್ಲ. ಮುಂದಿನ ಪಿಡುಗು ಬರುವ ಮೊದಲೇ ಅದನ್ನು ಸೇರಿಸಬೇಕು. ನೆರೆ ಬಂದಮೇಲೆ ಒಡ್ಡು ಕಟ್ಟಲಾಗದು.