ಕಾರಿನ ಬಣ್ಣವೂ ಅದನ್ನು ಉಜ್ಜುವ ಸ್ಪಂಜೂ

ಮೋಟಾರು ಕಾರನ್ನು ಕೊಳ್ಳುವ ಮುನ್ನ ಅದರ ಎಂಜಿನಿನ ಬಲವೇನು, ಇಂಧನದ ಖರ್ಚೆಷ್ಟು ಎಂದು ಹತ್ತಾರು ಜನರನ್ನು ವಿಚಾರಿಸುವ ಗೃಹಸ್ಥರು, ಅದೇ ಕಾರಿನ ಮೈಯನ್ನು ಉಜ್ಜಲು ಹರಿದ ಬನಿಯನ್ನೊಂದನ್ನು ಕೊಟ್ಟು ನಿಶ್ಚಿಂತರಾಗುತ್ತಾರೆ. ಈ ಉದಾಸೀನದಿಂದ ಒದಗುವ ನಷ್ಟ ಅಲ್ಪವಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಲು ನಾವು ಬಯಸುತ್ತೇವೆ.

ಇಂದಿನ ಕಾರುಗಳ ಮೈಮೇಲಿರುವುದು ಒಂದೇ ಪದರದ ಬಣ್ಣವಲ್ಲ. ಉಕ್ಕಿನ ತಗಡಿಗೆ ಮೊದಲು ವಿದ್ಯುತ್ತಿನ ನೆರವಿನಿಂದ ತುಕ್ಕು ತಡೆಯುವ ಲೇಪವನ್ನು ಕೊಡುತ್ತಾರೆ; ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ರಾಳದ ಲೇಪ. ಸಾಮಾನ್ಯವಾಗಿ ಇವೆಲ್ಲವೂ ಸೇರಿ 100ರಿಂದ 150 ಮೈಕ್ರಾನುಗಳಷ್ಟು ದಪ್ಪವಾಗುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆದು ಬಣ್ಣವನ್ನು ಕಾಯುವ ಪಾರದರ್ಶಕ ಲೇಪವಾದರೋ 40ರಿಂದ 50 ಮೈಕ್ರಾನುಗಳನ್ನು ಮೀರುವುದು ಅಪರೂಪ. ನಮ್ಮ ತಲೆಗೂದಲಿಗಿಂತಲೂ ಅದು ತೆಳು. ಗಾಯಗೊಂಡ ಚರ್ಮವು ಮತ್ತೆ ಬೆಳೆಯುತ್ತದೆ. ಸವೆದ ಲೇಪವು ಬೆಳೆಯಲಾರದು. ಗೀರುಗಳನ್ನು ಮರೆಮಾಡಲು ಮಾಡುವ ಪ್ರತಿಯೊಂದು ಪಾಲಿಷೂ ಅದನ್ನು ಇನ್ನಷ್ಟು ತೆಳ್ಳಗಾಗಿಸುತ್ತದೆ.

ಹಾಗಾದರೆ ಉಜ್ಜುವುದೇ ಬೇಡವೆ? ಬೇಕು. ಸೋಪಿನ ನೀರಿಗೆ ಬಿಡದ ಕೊಳೆಗಳು ಹಲವುಂಟು. ಬ್ರೇಕು ಸವೆದಾಗ ಹಾರುವ ಕಬ್ಬಿಣದ ಕಣಗಳು ಲೇಪದಲ್ಲಿ ನಾಟಿಕೊಂಡು ತುಕ್ಕು ಹಿಡಿಯುತ್ತವೆ. ರಸ್ತೆಯ ಡಾಂಬರು ಸಿಡಿದು ಅಂಟುತ್ತದೆ. ಮರದಡಿ ನಿಂತ ಕಾರಿನ ಮೇಲೆ ಅಂಟುರಸ ತೊಟ್ಟಿಕ್ಕುತ್ತದೆ. ಕೊಳವೆ ಬಾವಿಯ ಗಡಸು ನೀರು ಆರಿದಲ್ಲಿ ಸುಣ್ಣದ ಕಲೆ ಉಳಿಯುತ್ತದೆ. ತೊಳೆದ ಕಾರಿನ ಮೇಲೆ, ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಕೈಗೆ ತೊಟ್ಟು ಮೆಲ್ಲಗೆ ಸವರಿ ನೋಡಿದರೆ, ಕಣ್ಣಿಗೆ ಕಾಣದ ಈ ಕಣಗಳು ಬೆರಳಿಗೆ ತರಿತರಿಯಾಗಿ ತಿಳಿಯುತ್ತವೆ.

ಇವುಗಳನ್ನು ತೆಗೆಯುವಲ್ಲಿ ರಸಾಯನವು ಮೊದಲು, ಘರ್ಷಣೆಯು ಅನಂತರ ಎಂಬ ಕ್ರಮವನ್ನು ಪಾಲಿಸುವುದು ಲೇಸು. ಥಯೋಗ್ಲೈಕೊಲೇಟ್ ಲವಣಗಳ ದ್ರಾವಣವು ಕಬ್ಬಿಣದೊಡನೆ ಕೂಡಿ ನೇರಳೆ ಬಣ್ಣ ತಾಳಿ, ಕಣಗಳನ್ನು ಕರಗಿಸಿ ಸಡಿಲಗೊಳಿಸುತ್ತದೆ. ಅದಕ್ಕೂ ಜಗ್ಗದೆ ಉಳಿದುದಕ್ಕೆ ಮಾತ್ರ ಜೇಡಿ ಬೇಕು. ಇದು ಕುಂಬಾರನ ಜೇಡಿಯಲ್ಲ. ಮೆತ್ತನೆಯ ಕೃತಕ ರಾಳದಲ್ಲಿ ಅತಿ ನುಣುಪಾದ ಉಜ್ಜುಪುಡಿಯನ್ನು ಕಲಸಿದ ಮುದ್ದೆ. ಜಪಾನಿನಲ್ಲಿ ರೂಪುಗೊಂಡ ಈ ವಸ್ತುವಿಗೆ 1990ರ ದಶಕದಲ್ಲಿ ತದಾವೊ ಕೊದಾತೆ ಎಂಬವರ ಹೆಸರಿನಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಜಾರುವ ದ್ರವದ ತೆಳುಪದರದ ಮೇಲೆ ಇದನ್ನು ಎಳೆದಾಗ, ಸಮತಲದಿಂದ ಮೇಲೆದ್ದು ನಿಂತ ಕಣಗಳು ಮಾತ್ರ ಅದಕ್ಕೆ ಸಿಕ್ಕಿ ಕಿತ್ತುಬರುತ್ತವೆ. ದ್ರವ ಸಾಲದಾದರೆ ಮುದ್ದೆಯೇ ಗೀರುತ್ತದೆ.

ಈಗ ಸ್ಪಂಜು ಮತ್ತು ಪ್ಯಾಡುಗಳ ಆಯ್ಕೆಯನ್ನು ನೋಡೋಣ. ಪಾತ್ರೆ ತಿಕ್ಕುವ ಹಸಿರು ಪ್ಯಾಡಿನ ನಾರಿನಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂ ಆಕ್ಸೈಡಿನ ಪುಡಿ ಅಂಟಿರುತ್ತದೆ. ಕುರುಂದದ ಕಲ್ಲೂ ಇದೇ ವಸ್ತು. ಮೋಸ್ ಕಾಠಿಣ್ಯಮಾನದಲ್ಲಿ ಅದರ ಸ್ಥಾನ 9, ಉಕ್ಕಿಗಿಂತಲೂ ಮೇಲು. ಗೋಡೆಯ ಕಲೆ ಅಳಿಸುವ ಬಿಳಿಯ ಮೆಲಮಿನ್ ಸ್ಪಂಜು ಕೈಗೆ ಹೂವಿನಂತೆ ಮೃದು. ಆದರೆ ಅದರ ಜಾಲದ ಎಳೆಗಳು ಗಡಸಾಗಿ, ನುಣ್ಣನೆಯ ಮರಳುಕಾಗದದಂತೆ ವರ್ತಿಸುತ್ತವೆ. ಆದುದರಿಂದ ಬೆರಳಿನ ಸ್ಪರ್ಶವನ್ನೇ ನಂಬಿ ಪ್ಯಾಡನ್ನು ಆರಿಸಬಾರದು. ತೊಳೆಯಲು ಉದ್ದ ಎಳೆಗಳ ಮೈಕ್ರೋಫೈಬರ್ ಕೈಚೀಲವು ಚಪ್ಪಟೆ ಸ್ಪಂಜಿಗಿಂತ ಮೇಲು: ಎಳೆಗಳು ಮರಳನ್ನು ತಮ್ಮೊಳಗೆ ಸೆಳೆದುಕೊಳ್ಳುತ್ತವೆ, ಸ್ಪಂಜಿನ ಮುಖವು ಅದನ್ನು ಬಣ್ಣಕ್ಕೇ ಒತ್ತುತ್ತದೆ. ರಬ್ಬರಿನಂಥ ಪಾಲಿಮರ್ ಲೇಪಿಸಿದ ಜೇಡಿ ಪ್ಯಾಡುಗಳು ಕೆಲಸವನ್ನು ಬೇಗ ಮುಗಿಸುತ್ತವೆ. ನೆಲಕ್ಕೆ ಬಿದ್ದರೆ ತೊಳೆದು ಮತ್ತೆ ಬಳಸಬಹುದು. ಜೇಡಿಯ ಮುದ್ದೆಯಾದರೆ ನೆಲಕ್ಕೆ ಬಿದ್ದೊಡನೆ ಎಸೆಯತಕ್ಕದ್ದು. ಎರಡರಲ್ಲೂ ನಯ, ಮಧ್ಯಮ, ಒರಟು ಎಂಬ ದರ್ಜೆಗಳಿವೆ. ಮನೆಯಲ್ಲಿ ಬಳಸುವವರಿಗೆ ನಯವಾದುದೇ ಸಾಕು. ಒರಟು ದರ್ಜೆಯು ಕಪ್ಪು ಬಣ್ಣದ ಮೇಲೆ ಮಬ್ಬನ್ನು ಉಳಿಸದೆ ಹೋಗುವುದಿಲ್ಲ. ಅನಂತರ ಪಾಲಿಷ್ ಮಾಡಬಲ್ಲವರಿಗೆ ಮಾತ್ರ ಅದು ಸಲ್ಲುತ್ತದೆ. ನಯವಾದುದನ್ನಾದರೂ ಸವರಿ ನೋಡಿ ತರಿಯೆನಿಸಿದಾಗಲೇ ಬಳಸಬೇಕು, ಪಂಚಾಂಗ ನೋಡಿ ಅಲ್ಲ.

ಆದರೆ ಜೇಡಿಗಿಂತ ಹೆಚ್ಚಿನ ಹಾನಿಯನ್ನು ಮಾಡುವುದು ಪ್ರತಿದಿನದ ಒಣ ಒರೆಸುವಿಕೆಯೆಂಬುದು ನಮ್ಮ ದೃಢವಾದ ಅಭಿಪ್ರಾಯ. 2024ರ ಮಾರ್ಚಿಯಲ್ಲಿ ನೀರಿನ ಅಭಾವವು ತೀವ್ರವಾದಾಗ, ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ವಿಧಿಸಿತು. ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಮೇಲೆತ್ತಿ ತಂದ ನೀರು ಕಾರಿನ ಚಕ್ರಕ್ಕೆ ಹರಿಯಬಾರದೆಂಬುದು ನ್ಯಾಯವೇ. ಆದರೆ ನೀರನ್ನು ಉಳಿಸುವ ದಾರಿ ಒಣ ಬಟ್ಟೆಯಲ್ಲ. ಬೀದಿಯ ಧೂಳಿನಲ್ಲಿ ಸ್ಫಟಿಕದ ಕಣಗಳಿವೆ. ಅವುಗಳ ಕಾಠಿಣ್ಯ 7. ಒಂದೇ ಬಟ್ಟೆಯಿಂದ ಬೆಳಗಿನ ಹೊತ್ತು ಹತ್ತು ಕಾರುಗಳನ್ನು ಒರೆಸುವ ಕೆಲಸಗಾರನು ಒಂದರ ಮರಳನ್ನು ಇನ್ನೊಂದಕ್ಕೆ ಉಜ್ಜುತ್ತಾನೆ. ದೋಷ ಅವನದಲ್ಲ, ದಿನವೂ ಹೊಳಪು ಬೇಕೆಂದು, ಆದರೆ ಬಟ್ಟೆಗೆ ಕಾಸು ಕೊಡೆವೆಂದು ಹೇಳುವ ಒಡೆಯರದು.

ಪ್ರತಿದಿನಕ್ಕೆ ಬದಲು ವಾರಕ್ಕೊಮ್ಮೆ, ಜಾಲಿಸಬೇಕಿಲ್ಲದ ಜಾರುದ್ರಾವಣ ಬೆರೆಸಿದ ಒಂದು ಬಕೆಟ್ ನೀರು, ಏಳೆಂಟು ಶುಭ್ರವಾದ ಮೈಕ್ರೋಫೈಬರ್ ಬಟ್ಟೆಗಳು: ಇಷ್ಟಿದ್ದರೆ ಸಾಮಾನ್ಯ ಧೂಳಿನ ಕಾರು ಗೀರಿಲ್ಲದೆ ಶುಚಿಯಾಗುತ್ತದೆ. ಒಂದು ಭಾಗಕ್ಕೆ ಬಳಸಿದ ಬಟ್ಟೆಯ ಮುಖವನ್ನು ಮತ್ತೊಂದು ಭಾಗಕ್ಕೆ ತಾಕಿಸಬಾರದು. ನೆರಳಿನಲ್ಲಿ, ಭಾರ ಹಾಕದೆ, ನೇರ ಗೆರೆಯಲ್ಲಿ ಎಳೆಯಬೇಕು. ಕಬ್ಬಿಣ ಕರಗಿಸುವ ದ್ರಾವಣವು ಚರ್ಮವನ್ನು ಕೆರಳಿಸುವುದರಿಂದ, ಅದನ್ನು ಬಳಸುವವನ ಕೈಗೆ ಕೈಗವಸು ಒದಗಿಸುವುದು ಕಾರಿನ ಒಡೆಯನ ಕರ್ತವ್ಯ.

ಇದೆಲ್ಲ ಶ್ರೀಮಂತರ ಶೋಕಿಯೆಂದು ಕೆಲವರು ಮೂಗು ಮುರಿಯಬಹುದು. ಅದು ಸರಿಯಲ್ಲ. ಸಾಲ ಮಾಡಿ ಹಳೆಯ ಕಾರನ್ನು ಕೊಂಡ ಟ್ಯಾಕ್ಸಿ ಚಾಲಕನಿಗೂ ಆ ಲೇಪವೇ ತುಕ್ಕಿನಿಂದ ರಕ್ಷೆ, ಮಾರುವ ದಿನ ಅದೇ ಬೆಲೆ. ಆದಕಾರಣ ಜೇಡಿಯ, ಪ್ಯಾಡಿನ ದರ್ಜೆಯನ್ನೂ ಬಳಸುವ ಕ್ರಮವನ್ನೂ ಪೊಟ್ಟಣದ ಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ ಅಚ್ಚುಮಾಡಬೇಕೆಂದು ನಾವು ತಯಾರಕರನ್ನು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ ವಾಚಕರು ಅಂಗಡಿಯಲ್ಲಿ ದರ್ಜೆಯನ್ನು ಕೇಳಿಯೇ ಕೊಳ್ಳಲಿ. ಹೊಸ ಪ್ಯಾಡನ್ನು ಬಾನೆಟ್ಟಿನ ಮೇಲಲ್ಲ, ಬಾಗಿಲಿನ ಕೆಳಭಾಗದಲ್ಲಿ ಅಂಗೈಯಗಲದ ಜಾಗದಲ್ಲಿ ಮೊದಲು ಪರೀಕ್ಷಿಸಲಿ.