ಬಾಗಿಲು ಎಷ್ಟೆಂಬ ಪ್ರಶ್ನೆ, ಹೊಗೆ ಎಷ್ಟೆಂಬ ಪ್ರಶ್ನೆ

ಫೆರಾರಿ ಕಂಪನಿ ನಾಲ್ಕು ಬಾಗಿಲಿನ ಕಾರನ್ನು ಹೊರತರುವುದೇ, ಇಲ್ಲವೇ? ಜಗತ್ತಿನ ಮೋಟಾರು ಪತ್ರಿಕೆಗಳು ಈ ಒಂದು ಪ್ರಶ್ನೆಯನ್ನು ನಾಲ್ಕು ದಶಕಗಳ ಕಾಲ ಮತ್ತೆ ಮತ್ತೆ ಕೇಳಿದವು. ಮಲೆನಾಡಿನ ನಮಗೆ ಇಟಲಿಯ ಶ್ರೀಮಂತರ ಕಾರಿನ ಗೊಡವೆ ಏಕೆಂದು ಓದುಗರು ಆಕ್ಷೇಪಿಸಬಹುದು. ಆ ಕಾರು ನಮ್ಮ ಘಟ್ಟದ ರಸ್ತೆಗೆ ಬಂದೀತೆಂಬ ಭಯದಿಂದ ಇದನ್ನು ಬರೆಯುತ್ತಿಲ್ಲ. ಏನನ್ನು ಕೇಳಬೇಕೆಂಬುದನ್ನು ಮಾರುವವನೇ ನಿರ್ಧರಿಸಿಬಿಟ್ಟರೆ ಸಮಾಜವು ಏನನ್ನು ಕೇಳಲು ಮರೆಯುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ಪಾಠ.

ಕಥೆ 1980ರಲ್ಲಿ ಆರಂಭವಾಗುತ್ತದೆ. ಪಿನಿನ್‌ಫರೀನಾ ಎಂಬ ವಿನ್ಯಾಸ ಸಂಸ್ಥೆ ತನ್ನ ಐವತ್ತನೆಯ ವರ್ಷದ ನೆನಪಿಗೆ ಟ್ಯೂರಿನ್ ಪ್ರದರ್ಶನದಲ್ಲಿ 'ಪಿನಿನ್' ಹೆಸರಿನ ನಾಲ್ಕು ಬಾಗಿಲಿನ ಫೆರಾರಿಯನ್ನು ನಿಲ್ಲಿಸಿತು. ಅದು ಅಂದು ಚಲಿಸುವ ಕಾರೇ ಆಗಿರಲಿಲ್ಲ. ನೋಟಕ್ಕಾಗಿ ಮಾಡಿದ ಮಾದರಿ. ಕಂಪನಿ ಅದನ್ನು ಉತ್ಪಾದಿಸಲಿಲ್ಲ. ಆದರೂ ಊಹೆಯ ಬಂಡಿ ಮಾತ್ರ ಓಡುತ್ತಲೇ ಇತ್ತು. ಕಂಪನಿಯ ಮುಖ್ಯಸ್ಥರಾಗಿದ್ದ ಸೆರ್ಜಿಯೋ ಮಾರ್ಕಿಯೋನೆ ಮೊದಲು ಎತ್ತರದ ಎಸ್‌ಯುವಿ ಮಾದರಿಯನ್ನು ಖಡಾಖಂಡಿತವಾಗಿ ನಿರಾಕರಿಸಿದರು. ನಂತರ ಅವರ ಧ್ವನಿ ಮೃದುವಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಅವರ ಉತ್ತರಾಧಿಕಾರಿ 'ಪುರೋಸಾಂಗ್ವೆ' ಎಂಬ ಹೆಸರನ್ನು ಘೋಷಿಸಿದರು. ಶುದ್ಧ ತಳಿಯ ಕುದುರೆ ಎಂದು ಅದರ ಅರ್ಥ. ಮತ್ತೊಂದು ಕಂಪನಿಯ ಕಾರಿನ ಮೈಯೊಳಗೆ ಯಂತ್ರವನ್ನಡಗಿಸಿ ರಸ್ತೆಯಲ್ಲಿ ಪರೀಕ್ಷಿಸಲಾಯಿತು. ಛಾಯಾಗ್ರಾಹಕರು ಹೊಂಚು ಹಾಕಿದರು. 2022ರ ಸೆಪ್ಟೆಂಬರ್‌ನಲ್ಲಿ ಕಾರು ಬಂದೇ ಬಂದಿತು.

ಈ ಊಹಾಪೋಹವನ್ನು ಮುಗ್ಧ ಕುತೂಹಲವೆಂದು ಭಾವಿಸುವುದು ತಪ್ಪು. ಗದ್ದೆಗೆ ನೀರು ಬಿಡುವ ಮೊದಲು ಬದು ಕಟ್ಟುವಂತೆ, ಸರಕು ಬರುವ ಮೊದಲು ಆಸೆಯನ್ನು ಸಿದ್ಧಪಡಿಸುವ ಕೆಲಸವಿದು. ಅದಕ್ಕೆ ಕಂಪನಿ ಕೂಲಿಯನ್ನೂ ಕೊಡಬೇಕಾಗಿಲ್ಲ. 'ಬರುವುದೇ?' ಎಂದು ಕೇಳುತ್ತ ಕೇಳುತ್ತ 'ಬರಬೇಕೇ?' ಎಂಬ ಪ್ರಶ್ನೆ ತಾನಾಗಿಯೇ ಕಣ್ಮರೆಯಾಗುತ್ತದೆ.

ಆ ಎರಡನೆಯ ಪ್ರಶ್ನೆಗೆ ಬೇಕಾದ ಅಂಕಿಗಳು ಗುಟ್ಟೇನೂ ಅಲ್ಲ. ಪುರೋಸಾಂಗ್ವೆಯ ಎಂಜಿನ್ 6.5 ಲೀಟರಿನದು, ಹನ್ನೆರಡು ಸಿಲಿಂಡರ್, 725 ಅಶ್ವಶಕ್ತಿ, ಗಂಟೆಗೆ 310 ಕಿಲೋಮೀಟರ್ ವೇಗ. ಯುರೋಪಿನ ಪರೀಕ್ಷಾ ಕ್ರಮದಲ್ಲಿ ಅದು ನೂರು ಕಿಲೋಮೀಟರಿಗೆ 17.3 ಲೀಟರ್ ಪೆಟ್ರೋಲ್ ಕುಡಿದು, ಪ್ರತಿ ಕಿಲೋಮೀಟರಿಗೆ 393 ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಯುರೋಪಿನ ಒಕ್ಕೂಟ 2025ರಿಂದ ಹೊಸ ಕಾರುಗಳಿಗೆ ವಿಧಿಸಿರುವ ಸರಾಸರಿ ಗುರಿ 93.6 ಗ್ರಾಂ. ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ಕಾನೂನು ಬಾಗಿಲು ತೆರೆದುಕೊಟ್ಟಿದೆ. ಯುರೋಪಿನಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಕಡಿಮೆ ಕಾರು ಮಾರುವ ತಯಾರಕರು 2035ರ ಅಂತ್ಯದವರೆಗೆ ಪ್ರತ್ಯೇಕ ಗುರಿಯನ್ನು ಬೇಡಿ ಪಡೆಯಬಹುದು. ಒಂದು ಸಾವಿರಕ್ಕಿಂತ ಕಡಿಮೆ ಮಾರುವವರಿಗೆ ಗುರಿಯೇ ಇಲ್ಲ. 2022ರ ಜೂನ್‌ನಲ್ಲಿ ಯುರೋಪಿನ ಸಂಸತ್ತು ಒಪ್ಪಿದ ಈ ತಿದ್ದುಪಡಿಗೆ ಜನ ಇಟ್ಟ ಹೆಸರು 'ಫೆರಾರಿ ತಿದ್ದುಪಡಿ'. ನಾಲ್ಕನೆಯ ಬಾಗಿಲಿಗಾಗಿ ಹೊಂಚು ಹಾಕಿದ ಎಷ್ಟು ಮಂದಿ ಈ ಐದನೆಯ ಬಾಗಿಲನ್ನು ಗಮನಿಸಿದರು?

ವಾಹನಪ್ರಿಯರ ಉತ್ತರ ಸಿದ್ಧವಾಗಿದೆ: 'ಅವು ಬೆರಳೆಣಿಕೆಯ ಕಾರುಗಳು.' ನಿಜ. 2024ರಲ್ಲಿ ಫೆರಾರಿ ಜಗತ್ತಿಗೆಲ್ಲ ಮಾರಿದ್ದು 13,752 ಕಾರು. ಅದರಲ್ಲಿ ಪುರೋಸಾಂಗ್ವೆಯ ಪಾಲು ಐದರಲ್ಲೊಂದನ್ನು ಮೀರದಂತೆ ನೋಡಿಕೊಳ್ಳುವುದಾಗಿ ಕಂಪನಿಯೇ ಹೇಳಿದೆ. ಇಷ್ಟರಿಂದ ಭೂಮಿ ಬಿಸಿಯಾಗದು. ಆದರೆ ದುಂದು ವಿರಳವಾದಷ್ಟೂ ಆಕರ್ಷಕವಾಗುತ್ತದೆ. ಮೇಲಿನವನು ಭಾರದ, ಬಲದ, ವೇಗದ ಕಾರನ್ನು ಗೌರವದ ಗುರುತಾಗಿಸಿದರೆ ಕೆಳಗಿನವನು ಅದರ ಅಗ್ಗದ ನಕಲನ್ನು ಸಾಲ ಮಾಡಿ ಕೊಳ್ಳುತ್ತಾನೆ. ಅಲ್ಲದೆ, ಅತ್ಯಂತ ಸುಲಭವಾಗಿ ತ್ಯಜಿಸಬಲ್ಲವನಿಗೇ ವಿನಾಯಿತಿ ಕೊಟ್ಟ ಕಾನೂನು, ಬಡವನಿಗೆ ಮಿತವ್ಯಯವನ್ನು ಯಾವ ಮುಖದಿಂದ ಬೋಧಿಸೀತು?

ಫೆರಾರಿಯ ಮರನೆಲ್ಲೋ ಇರುವುದು ಅಪೆನೈನ್ ಬೆಟ್ಟಸಾಲಿನ ತಪ್ಪಲಿನಲ್ಲಿ, ಎಮಿಲಿಯಾ-ರೊಮಾನ್ಯಾ ಪ್ರಾಂತ್ಯದಲ್ಲಿ. 2023ರ ಮೇ ತಿಂಗಳಲ್ಲಿ ಅದೇ ಪ್ರಾಂತ್ಯದಲ್ಲಿ ಮಹಾಮಳೆ ಸುರಿದು, ಇಪ್ಪತ್ತಕ್ಕೂ ಹೆಚ್ಚು ನದಿಗಳು ದಡ ಮೀರಿದವು, ನೂರಾರು ಕಡೆ ಗುಡ್ಡ ಕುಸಿಯಿತು, ಹಣ್ಣಿನ ತೋಟಗಳು ಮುಳುಗಿದವು, 17 ಮಂದಿ ಸತ್ತರು. ಇಮೋಲಾದ ಕಾರು ಪಂದ್ಯವೂ ರದ್ದಾಯಿತು. ಆ ಮಳೆಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಿಗೆ ಅದರಲ್ಲಿ ಹವಾಮಾನ ಬದಲಾವಣೆಯ ಸ್ಪಷ್ಟ ಕೈವಾಡ ಕಾಣಲಿಲ್ಲ. ಆದ್ದರಿಂದ ಆ ಸಾವುಗಳನ್ನು ಕಾರಿನ ಹೊಗೆಗೆ ಕಟ್ಟುವುದು ಅನ್ಯಾಯ. ಆದರೆ 2024ರ ಜುಲೈ 30ರಂದು ವಯನಾಡಿನ ಗುಡ್ಡಗಳನ್ನು ಕುಸಿಯಿಸಿದ ಮಳೆ, ಬಿಸಿಯೇರಿದ ಹವೆಯಿಂದಾಗಿ ಸುಮಾರು ಶೇಕಡಾ 10ರಷ್ಟು ಹೆಚ್ಚು ತೀವ್ರವಾಗಿತ್ತೆಂದು ಅದೇ ಬಗೆಯ ಅಧ್ಯಯನ ಅಂದಾಜಿಸಿತು. ಒಂದು ಡಿಗ್ರಿ ಬಿಸಿಯೇರಿದ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಇಳಿಜಾರಿನ ಮಣ್ಣಿಗೆ ವಿನಾಯಿತಿ ನೀಡುವ ತಿದ್ದುಪಡಿಯನ್ನು ಯಾವ ಸಂಸತ್ತೂ ಮಾಡಲಾರದು.

ಊಹೆಯ ಆಟವಂತೂ ಮುಗಿದಿಲ್ಲ. 2025ರ ಅಕ್ಟೋಬರ್‌ನಲ್ಲಿ ಫೆರಾರಿ ತನ್ನ ಮೊದಲ ವಿದ್ಯುತ್ ಕಾರಿನ ಒಡಲನ್ನಷ್ಟೇ ತೋರಿಸಿ, ರೂಪವನ್ನು ಮುಚ್ಚಿಟ್ಟಿತು. ಅದಕ್ಕೂ ನಾಲ್ಕು ಬಾಗಿಲು. ಭಾರ ಸುಮಾರು 2,300 ಕಿಲೋ. ಬ್ಯಾಟರಿ 122 ಯೂನಿಟ್‌ನದು. ತಿಂಗಳಿಗೆ 60 ಯೂನಿಟ್ ಬಳಸುವ ಮನೆಯೊಂದಕ್ಕೆ ಎರಡು ತಿಂಗಳು ಸಾಲುವಷ್ಟು ವಿದ್ಯುತ್ತು ಅದರ ಒಂದು ಭರ್ತಿಗೆ ಬೇಕು. ಹೊಗೆಯ ಕೊಳವೆ ಇಲ್ಲವೆಂದ ಮಾತ್ರಕ್ಕೆ ದುಂದು ದುಂದಲ್ಲವೆಂದಾಗದು.

ವಿದ್ಯಾರ್ಥಿ ಮಿತ್ರರೇ, ಇಂಥ ಸುದ್ದಿ ನಿಮ್ಮ ಕಣ್ಣಿಗೆ ಬಿದ್ದಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಇದು ಎಷ್ಟು ತಿನ್ನುತ್ತದೆ? ಯಾರಿಂದ ವಿನಾಯಿತಿ ಪಡೆದಿದೆ? ಇದರ ಲೆಕ್ಕವನ್ನು ತೀರಿಸುವವರು ಯಾರು? ಈ ಮೂರಕ್ಕೂ ಉತ್ತರ ಕೊಡದ ಪತ್ರಿಕೆ, ಪುಟ ತುಂಬ ಚಿತ್ರ ಹಾಕಿದರೂ, ನಿಮಗೆ ತಿಳಿಸಿದ್ದು ಬಾಗಿಲುಗಳ ಸಂಖ್ಯೆಯನ್ನು ಮಾತ್ರ.