ಅರೆಸುಟ್ಟ ಹೊಟ್ಟಿನ ಉಪಯೋಗ

ಒಲೆಯ ಮೇಲಿಟ್ಟ ಸಕ್ಕರೆಪಾಕವನ್ನು ಮರೆತರೆ ಅದು ಕೆಂಪಾಗಿ, ಕಂದಾಗಿ, ಕೊನೆಗೆ ಕರಿಕಾಗಿ ಪಾತ್ರೆಯ ತಳ ಹಿಡಿಯುತ್ತದೆ. ಗೃಹಿಣಿಯ ಪಾಲಿಗೆ ಅದು ಕೇವಲ ನಷ್ಟ. ಆದರೆ 2005ರಲ್ಲಿ ಜಪಾನಿನ ವಿಜ್ಞಾನಿ ಮಿಚಿಕಾಜು ಹಾರಾ ಮತ್ತು ಅವರ ಸಂಗಡಿಗರು ಅರೆಸುಟ್ಟ ಸಕ್ಕರೆಗೆ ಗಂಧಕಾಮ್ಲದ ಸಂಸ್ಕಾರ ನೀಡಿ, ಅದರಿಂದ ಒಂದು ಉಪಯುಕ್ತ ವಸ್ತುವನ್ನು ಪಡೆದರು. ಅದರ ವಿವರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅನಂತರ ಬತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ತೆಂಗಿನ ಕರಟಗಳೂ ಇದೇ ಕಾರ್ಯಕ್ಕಾಗಿ ಪ್ರಯೋಗಶಾಲೆಗಳನ್ನು ಪ್ರವೇಶಿಸಿವೆ.

ಈ ವಸ್ತುವಿನ ಅಗತ್ಯವೇನು? ಎಣ್ಣೆಯಿಂದ ಡೀಸೆಲ್ಲಿನಂಥ ಇಂಧನವನ್ನು ಪಡೆಯಲು ಅದಕ್ಕೆ ಮೆಥನಾಲ್ ಬೆರೆಸಿ, ಸ್ವಲ್ಪ ಕ್ಷಾರವನ್ನು ಸೇರಿಸಿ ಕಾಯಿಸುವುದು ವಾಡಿಕೆ. ಇಲ್ಲಿ ಕ್ಷಾರವು ವೇಗವರ್ಧಕ. ಎಂದರೆ, ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು. ಶುದ್ಧವಾದ ಎಣ್ಣೆಗೆ ಈ ಕ್ರಮ ಸರಿಹೋಗುತ್ತದೆ. ಆದರೆ ಪದೇ ಪದೇ ಕರಿದ ಎಣ್ಣೆಯಲ್ಲಿಯೂ, ಬಹುಕಾಲ ಇಟ್ಟ ಹೊಂಗೆಯ ಎಣ್ಣೆಯಲ್ಲಿಯೂ ಬಿಡಿಯಾದ ಕೊಬ್ಬಿನಾಮ್ಲಗಳು ಹೆಚ್ಚಾಗಿರುವುದುಂಟು. ಕ್ಷಾರ ಸೇರಿದೊಡನೆ ಅವು ಸಾಬೂನಾಗಿಬಿಡುತ್ತವೆ. ಇಂಧನವನ್ನು ಬೇರ್ಪಡಿಸುವುದೇ ಕಷ್ಟವಾಗುತ್ತದೆ.

ಕ್ಷಾರಕ್ಕೆ ಬದಲಾಗಿ ಗಂಧಕಾಮ್ಲವನ್ನು ಬಳಸಿದರೆ ಸಾಬೂನಿನ ತೊಂದರೆಯಿಲ್ಲ. ಆದರೆ ಅದು ದ್ರವದಲ್ಲಿಯೇ ಬೆರೆತು ಉಳಿಯುತ್ತದೆ. ಲೋಹದ ಪಾತ್ರೆಗಳನ್ನು ತಿನ್ನುತ್ತದೆ. ಕಡೆಗೆ ಅದನ್ನು ಸುಣ್ಣದಂಥ ವಸ್ತುವಿನಿಂದ ಶಮನಗೊಳಿಸಿ ತೊಳೆದು ತೆಗೆಯಬೇಕು. ಆಮ್ಲವೂ ಹೋಯಿತು, ತೊಳೆದ ನೀರೂ ಕೆಟ್ಟಿತು! ಅದೇ ಆಮ್ಲವು ಪುಡಿಯ ರೂಪದಲ್ಲಿದ್ದರೆ, ಕೆಲಸ ಮುಗಿದ ಮೇಲೆ ಕಾಫಿಯ ಚರಟದಂತೆ ಸೋಸಿ ತೆಗೆದು ಮತ್ತೆ ಬಳಸಬಹುದಷ್ಟೆ.

ಅಂಥ ಪುಡಿಯನ್ನು ತಯಾರಿಸುವ ಕ್ರಮ ಹೀಗಿದೆ: ಒಣಗಿಸಿದ ಹೊಟ್ಟನ್ನು ಗಾಳಿ ತಾಕದಂತೆ ಸುಮಾರು 400 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಟ್ಟು, ಅರೆಬರೆ ಇದ್ದಿಲಾಗುವಂತೆ ಸುಡುತ್ತಾರೆ. ಬಳಿಕ ಅದನ್ನು ಪ್ರಬಲವಾದ ಗಂಧಕಾಮ್ಲದಲ್ಲಿ ಸುಮಾರು 150 ಡಿಗ್ರಿಯಲ್ಲಿ ಹಲವು ಗಂಟೆಗಳ ಕಾಲ ಕಾಯಿಸುತ್ತಾರೆ. ಆಗ ಆಮ್ಲಗುಣವುಳ್ಳ ಗಂಧಕದ ಗುಂಪುಗಳು ಇದ್ದಿಲಿನ ಇಂಗಾಲಕ್ಕೆ ಬಂಧಿಸಲ್ಪಡುತ್ತವೆ. ಬಿಡಿ ಆಮ್ಲದ ಸುಳಿವೂ ಉಳಿಯದಂತೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿದರೆ ಪುಡಿ ಸಿದ್ಧ. ಇದು ಅಡಿಗೆಮನೆಯಲ್ಲಿ ಪರೀಕ್ಷಿಸುವ ವಿಷಯವಲ್ಲ. ಕಾದ ಗಂಧಕಾಮ್ಲವು ಅತ್ಯಂತ ಅಪಾಯಕರ.

ಗುಟ್ಟೆಲ್ಲ ಆ ‘ಅರೆಬರೆ’ ಎಂಬ ಮಾತಿನಲ್ಲಿದೆ. ಅತಿಯಾಗಿ ಸುಟ್ಟರೆ ಇಂಗಾಲದ ಹಾಳೆಗಳು ಬೆಳೆದು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಮ್ಲದ ಗುಂಪುಗಳು ನೆಲೆಸಲು ಎಡೆ ಸಾಲದು. ತೀರ ಕಡಿಮೆ ಸುಟ್ಟರೆ ಪುಡಿಗೆ ಗಟ್ಟಿತನ ಬಾರದೆ, ಅದರ ಅಂಶಗಳು ದ್ರವದಲ್ಲಿ ಬಿಟ್ಟುಕೊಳ್ಳುತ್ತವೆ. ಸರಿಯಾದ ಹದದ ಪುಡಿಯು ಕೊಬ್ಬಿನಾಮ್ಲಗಳನ್ನು ಮೊದಲು ಇಂಧನವಾಗಿ ಮಾರ್ಪಡಿಸುತ್ತದೆ. ಉಳಿದ ಎಣ್ಣೆಗೆ ಆಮೇಲೆ ಕ್ಷಾರವನ್ನು ನಿರಾತಂಕವಾಗಿ ಸೇರಿಸಬಹುದು.

ಇಷ್ಟಾದರೂ ಸಮಸ್ಯೆ ಪೂರ್ಣವಾಗಿ ಬಗೆಹರಿದಿಲ್ಲ. ಬಳಸಿದಂತೆಲ್ಲ ಆಮ್ಲದ ಗುಂಪುಗಳು ಕೆಲಮಟ್ಟಿಗೆ ಕಳಚಿಹೋಗಿ ಪುಡಿಯ ಶಕ್ತಿ ಕುಗ್ಗುವುದುಂಟು. ಮೇಲಾಗಿ, ಗಂಧಕಾಮ್ಲದ ವ್ಯಯವನ್ನು ತಪ್ಪಿಸಲು ಹೊರಟ ಈ ಪುಡಿಯ ತಯಾರಿಕೆಗೂ ಗಂಧಕಾಮ್ಲವೇ ಬೇಕು. ಆದುದರಿಂದ ಹೊಟ್ಟು ಅಗ್ಗವಾಗಿ ದೊರೆಯಿತೆಂಬುದೊಂದೇ ಸಾಲದು. ಒಮ್ಮೆ ಮಾಡಿದ ಪುಡಿ ಎಷ್ಟು ಸಲ ಕೆಲಸಕ್ಕೆ ಬಂದೀತೆಂಬುದರ ಮೇಲೆಯೇ ಅದರ ಲಾಭನಷ್ಟಗಳು ನಿಂತಿವೆ.